ಎಡಗಡೆಯ ಮುಂದಿನ ಚಕ್ರ

ನಮ್ಮನೆಯವರು ಏನನ್ನು ತಪ್ಪಿಸಿದರೂ ಮಧ್ಯಾಹ್ನದ ಊಟ ತಪ್ಪಿಸುವ ಆಸಾಮಿಯಲ್ಲ. ಮೈಯಲ್ಲಿ ಜ್ವರವಿರಲಿ, ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿರಲಿ, ನಾನು ತಟ್ಟೆ ಇಟ್ಟ ಸದ್ದು ಕೇಳಿದರೆ ಸಾಕು, ಒಳಗೆ ಬಂದು ಕೂತುಬಿಡುತ್ತಿದ್ದರು. ಆ ದಿನ ಅಡುಗೆ ಆರಿ ತಣ್ಣಗಾಯಿತು, ಆಸಾಮಿಯ ಸುಳಿವಿಲ್ಲ. ಮೊದಲು ಸಿಟ್ಟು ಬಂತು. ಸ್ವಲ್ಪ ಹೊತ್ತಿಗೆ ಸಿಟ್ಟು ಇಳಿದು ಬಾಗಿಲಿಗೂ ಒಲೆಗೂ ಓಡಾಡತೊಡಗಿದೆ. ಬೆಳಿಗ್ಗೆ ಜ್ಯಾಕ್ ಹಿಡಿದುಕೊಂಡು ಹೋದದ್ದು ಆಗ ನೆನಪಾಯಿತು.

ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ ರಿಂಗ್ ಆಗಿ ಆಗಿ ನಿಂತಿತು. ಹುಡುಕಿಕೊಂಡು ಹೋಗೋಣವೆಂದರೆ ಎಲ್ಲಿಗೆ? ಎಲ್ಲಿಗೆ ಹೋಗುತ್ತೇನೆಂದು ಕಟ್ಟಿಕೊಂಡ ಹೆಂಡತಿಗೂ ಹೇಳದೆ ಹೋಗಿದ್ದರು. ಅದು ಜಗಳದಿಂದಲ್ಲ, ಮರೆವಿನಿಂದಲೂ ಅಲ್ಲ. ಅದು ಅವರ ಪಂಗಡದ ನೇಮ. ಆ ನೇಮಕ್ಕೆ ಬೆಂಕಿ ಬೀಳಲಿ.

ನಮ್ಮದು ಕನ್ನಡಕದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನಾನು ಗಲ್ಲಾದಲ್ಲಿ ಕೂರುತ್ತೇನೆ, ಅವರು ಗಾಜು ಉಜ್ಜುತ್ತಾರೆ. ಕೂದಲೆಳೆಯಷ್ಟು ಗೀರೂ ಅವರ ಕಣ್ಣು ತಪ್ಪಿಸುವುದಿಲ್ಲ. ಹಾಗೆಂದು ನಾನು ಹೊಸ ಸೀರೆ ಉಟ್ಟರೆ ಕಂಡೀತು ಎಂದುಕೊಳ್ಳಬೇಡಿ, ಅದು ಬೇರೆ ವಿಷಯ. ಬೀದಿಯಲ್ಲಿ ಎಲ್ಲರೂ ಅವರನ್ನು ‘ಭೂತಗನ್ನಡಿ’ ಎನ್ನುತ್ತಾರೆ. ಹೊಟ್ಟೆಪಾಡು ಕನ್ನಡಕ, ಹುಚ್ಚು ಮಾತ್ರ ಜೀಪು. ಹವ್ಯಾಸ ಎಂದು ಅವರು ಹೇಳಿಕೊಳ್ಳುತ್ತಾರೆ, ನಾನು ಗ್ರಹಚಾರ ಅನ್ನುತ್ತೇನೆ.

ಯಾವ ಜೀಪೆಂದರೆ ಅದಲ್ಲ ಮತ್ತೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆಂದೇ ಮಾಡಿದ ಆ ಪುಟ್ಟ, ಬಾಗಿಲಿಲ್ಲದ ಜೀಪು. ಯುದ್ಧ ಮುಗಿದ ಮೇಲೆ ಅವು ಕಂಡಕಂಡವರ ಪಾಲಾದವು. ಹಾಲು ಹೊತ್ತವು, ದಿಮ್ಮಿ ಎಳೆದವು, ಕೊನೆಗೆ ಕೋಳಿಗಳಿಗೆ ಗೂಡಾದವು. ಒಂದರ ಎಂಜಿನ್ ಇನ್ನೊಂದಕ್ಕೆ ಹೋಯಿತು, ಇನ್ನೊಂದರ ಮೈ ಮತ್ತೊಂದಕ್ಕೆ. ಈಗ ನಿಜವಾಗಿ ಯುದ್ಧ ಕಂಡದ್ದು ಯಾವುದು, ಆಮೇಲೆ ಹುಟ್ಟಿದ ಅದರ ತಮ್ಮ ಯಾವುದು ಎಂದು ಹೇಳುವುದೇ ಇವರ ಕಸುಬು. ಬಾನೆಟ್ಟಿನ ಮೇಲೆ ನೀರು ಬಿಟ್ಟುಕೊಂಡು ಉಜ್ಜುಕಾಗದದಿಂದ ಮೆಲ್ಲಗೆ ತಿಕ್ಕುತ್ತಾರೆ. ಕೆಂಪು ಹೋಗಿ ನೀಲಿ, ನೀಲಿ ಹೋಗಿ ಹಳದಿ, ಕಟ್ಟಕಡೆಗೆ ಸೈನ್ಯದ ಹಸಿರು. ಅದರ ಮೇಲೆ ಮಾಸಿದ ಅಂಕಿಯೊಂದು ಎದ್ದು ಬಂದರೆ ನಮ್ಮನೆಯವರ ಮುಖ ನೋಡಬೇಕು. ನಮ್ಮ ಮಗಳು ಹುಟ್ಟಿದಾಗಲೂ ಅಷ್ಟು ಹಲ್ಲು ಕಂಡಿರಲಿಲ್ಲ. ಆದರೆ ಬಣ್ಣ ಸುಳ್ಳು ಹೇಳಬಹುದು, ಎಂಜಿನ್ನೂ ಸುಳ್ಳು ಹೇಳಬಹುದು. ಮುಂದಿನ ಬಂಪರಿನ ಹಿಂದೆ, ಗಾಡಿಯ ಅಡಿಗಟ್ಟಾದ ಚಾಸಿಯ ಎಡಪಟ್ಟಿಯ ಒಳಮೈಗೆ ರಿವೆಟ್ ಹೊಡೆದು ಕೂರಿಸಿದ ಸಣ್ಣ ತಗಡಿನ ನಂಬರೊಂದೇ ನಂಬತಕ್ಕದ್ದು ಎಂದು ಅವರ ವಾದ. ಅದನ್ನು ಓದಬೇಕಾದರೆ ಅಂಗಾತ ಮಲಗಿ ಗಾಡಿಯ ಕೆಳಗೆ ತೂರಲೇಬೇಕು.

ಈ ಹುಚ್ಚು ಹಿಡಿಸಿದವನು ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ಅಣ್ಣ. ಅವನದು ಟಯರ್ ಅಂಗಡಿ. ಇಬ್ಬರೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು. ನನ್ನ ಮದುವೆಯಾದ ಮೇಲೆ ‘ಭಾವ’ ‘ಭಾವ’ ಎಂದು ಒಬ್ಬರನ್ನೊಬ್ಬರು ರೇಗಿಸಿಕೊಂಡು ಊರೂರು ಅಲೆದರು. ನಮ್ಮ ಹಿತ್ತಲಲ್ಲಿ ನಿಂತಿರುವ ಜೀಪು ಇಬ್ಬರೂ ಸೇರಿ ಎಳೆದು ತಂದದ್ದು.

ಹಳೇ ಜೀಪು ಹುಡುಕುವ ಅವರ ಪಂಗಡದಲ್ಲಿ ಎರಡು ನೇಮ. ಒಂದು, ಗಾಡಿ ಕಂಡ ಜಾಗವನ್ನು ಯಾರ ಮುಂದೆಯೂ ಬಾಯಿ ಬಿಡಬಾರದು. ಲಾರಿಗೆ ಏರಿಸಿ ಹಗ್ಗ ಬಿಗಿಯುವ ತನಕ ಹೆಂಡತಿಗೂ ಇಲ್ಲ, ದೇವರಿಗೂ ಇಲ್ಲ. ಇನ್ನೊಂದು, ಮೊದಲು ಕಂಡವನು ಎಡಗಡೆಯ ಮುಂದಿನ ಚಕ್ರದಿಂದ ಒಂದೇ ಒಂದು ನಟ್ ಬಿಚ್ಚಿಕೊಂಡು ಹೋಗಬೇಕು. ಆಮೇಲೆ ಬಂದವನು ನಟ್ ಇಲ್ಲದ್ದನ್ನು ಕಂಡರೆ ಮರುಮಾತಿಲ್ಲದೆ ಹಿಂದಕ್ಕೆ ಹೋಗಬೇಕು. ಆ ಗಾಡಿಗಳ ಎಡಚಕ್ರದ ನಟ್ಟುಗಳು ಉಲ್ಟಾ. ಬಿಗಿ ಮಾಡುವ ಕಡೆಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತವೆ. ಗೊತ್ತಿಲ್ಲದವರು ಸ್ಪ್ಯಾನರ್ ಹಾಕಿ ಜೋತುಬಿದ್ದರೂ ಅಲುಗುವುದಿಲ್ಲ.

ಇಬ್ಬರ ನಡುವೆ ಹುಳಿ ಬಿದ್ದದ್ದೂ ಇದರಿಂದಲೇ. ಮರದ ಡಿಪೋವೊಂದರಲ್ಲಿ ಸಿಕ್ಕ ಜೀಪನ್ನು ನಮ್ಮನೆಯವರು ಇನ್ನೊಬ್ಬ ಸಂಗ್ರಹಕಾರನಿಗೆ ತೋರಿಸಿಕೊಟ್ಟರು. ‘ನಾನು ಮೊದಲೇ ನಟ್ ತೆಗೆದಿದ್ದೆ’ ಎಂದ ಅಣ್ಣ. ‘ಎಲ್ಲಾ ನಟ್ಟೂ ಇತ್ತು, ನನ್ನ ಕಣ್ಣಾರೆ ನೋಡಿದೀನಿ’ ಎಂದರು ಇವರು. ಯಾರ ಮಾತು ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿಂದ ಮಾತಿಲ್ಲ, ಕತೆಯಿಲ್ಲ. ಗಂಡ ಒಂದು ದಿಕ್ಕು, ಅಣ್ಣ ಒಂದು ದಿಕ್ಕು, ನಡುವೆ ನಾನೊಬ್ಬಳು ಬಿಟ್ಟಿ ಅಂಚೆಯವಳು.

ಇನ್ನು ಆ ದಿನದ ಕತೆ. ಬೆಳಿಗ್ಗೆ ಹೊರಡುವಾಗಲೇ ಅವರ ಮುಖದಲ್ಲಿ ಕಳ್ಳನಗು ಇತ್ತು.

“ಎಲ್ಲಿಗೆ?” ಅಂದೆ.

“ಇಲ್ಲೇ.”

“ಇಲ್ಲೇ ಅಂದ್ರೆ ಎಲ್ಲಿ? ಆ ಜ್ಯಾಕ್ ಯಾಕೆ?”

“ಇಲ್ಲೇ ಅಂದ್ರೆ ಇಲ್ಲೇ ಕಣೇ. ಊಟಕ್ಕೆ ಬರ್ತೀನಿ, ತಲೆ ತಿನ್ಬೇಡ.”

ಅಷ್ಟೇ ನಮ್ಮ ನಡುವೆ ನಡೆದ ಮಾತು. ಮಧ್ಯಾಹ್ನ ಕಳೆದು ಬಿಸಿಲು ಅಂಗಡಿಯ ಮೆಟ್ಟಿಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಅಂಗಡಿಗೆ ಬೀಗ ಜಡಿದು ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದವರು, “ಅಮ್ಮಾ, ಅವರೇನು ಎಳೇ ಮಗೂನಾ? ಸಂಜೆವರೆಗೂ ನೋಡಿ, ಬರ್ತಾರೆ” ಎಂದು ಕುರ್ಚಿ ತೋರಿಸಿದರು. ನನಗೆ ಕುರ್ಚಿ ಬೇಕಿರಲಿಲ್ಲ. ಗಾಡಿ ಹುಡುಕುವವನ ಮನಸ್ಸು ಗಾಡಿ ಹುಡುಕುವವನಿಗೇ ಗೊತ್ತಾದೀತು ಅನ್ನಿಸಿ ಅಣ್ಣನ ಅಂಗಡಿಗೆ ಓಡಿದೆ.

ಅಣ್ಣ ಲಾರಿಯೊಂದರ ಟಯರಿಗೆ ಸುತ್ತಿಗೆ ಹೊಡೆಯುತ್ತಿದ್ದ. ನನ್ನ ಮುಖ ನೋಡಿಯೂ ಕೈ ನಿಲ್ಲಿಸಲಿಲ್ಲ.

“ಅಣ್ಣ, ಅವರು ಊಟಕ್ಕೆ ಬಂದಿಲ್ಲ. ಫೋನೂ ಎತ್ತುತ್ತಿಲ್ಲ.”

“ಬರ್ತಾನೆ ಬಿಡು. ಎಲ್ಲೋ ತಗಡು ಕೆರ್ಕೊಂಡು ಕೂತಿರ್ತಾನೆ ನಿನ್ನ ಮಹಾರಾಯ.”

“ಜ್ಯಾಕ್ ತಗೊಂಡು ಹೋಗಿದ್ದಾರೆ.”

ಸುತ್ತಿಗೆ ನಿಂತಿತು. ಅಣ್ಣನ ಮುಖ ನೋಡನೋಡುತ್ತಿದ್ದಂತೆ ಬಿಳಿಚಿಕೊಂಡಿತು. ಅವನು ಸುತ್ತಿಗೆಯನ್ನು ಕೆಳಗಿಡಲು ಹೋಗಿ ಕಾಲ ಮೇಲೆ ಬೀಳಿಸಿಕೊಂಡ, ಅದೂ ಅವನಿಗೆ ಗೊತ್ತಾಗಲಿಲ್ಲ.

“ಯಾವಾಗ ಹೋದ?”

“ಬೆಳಿಗ್ಗೆ. ಯಾಕಣ್ಣ? ನಿಂಗೆ ಗೊತ್ತಾ ಎಲ್ಲಿ ಅಂತ?”

ಅವನು ತುಟಿ ಒದ್ದೆ ಮಾಡಿಕೊಂಡ. ನನಗೆಲ್ಲಿತ್ತೋ ಆ ಧೈರ್ಯ, ದೊಡ್ಡವನು ಎಂದೂ ನೋಡದೆ ಕೊರಳಪಟ್ಟಿ ಹಿಡಿದೆ.

“ಬೊಗಳು! ಎಲ್ಲಿ?”

“ಮುಚ್ಚಿಹೋಗಿರೋ ಐಸ್ ಫ್ಯಾಕ್ಟರಿ. ರೈಲ್ವೆ ಗೇಟಿನ ಆಚೆ. ಅಲ್ಲೊಂದು ಜೀಪಿದೆ. ಹೋದ ವಾರ ನಾನು ನೋಡ್ದೆ, ಅವನೂ ವಾಸನೆ ಹಿಡಿದಿದಾನೆ ಅಂತ ಗೊತ್ತಾಯ್ತು.” ಅವನು ನನ್ನ ಕೈ ಬಿಡಿಸಿಕೊಳ್ಳಲಿಲ್ಲ. “ಪುಟ್ಟೀ, ಅದರ ಎಡಗಡೆ ಚಕ್ರಕ್ಕೆ ನಟ್ಟೇ ಇಲ್ಲ. ಒಂದಲ್ಲ, ಎಲ್ಲಾ ಬಿಚ್ಚಿಬಿಟ್ಟಿದೀನಿ. ಮೇಲೆ ಗೋಣಿಚೀಲ ಮುಚ್ಚಿಟ್ಟೆ. ಎಳ್ಕೊಂಡು ಹೋಗುವಾಗ ಚಕ್ರ ಕಳಚಿ ನಾಲ್ಕು ಜನರ ಮುಂದೆ ಅವನ ಮರ್ಯಾದೆ ಹೋಗ್ಲಿ ಅಂತ ಮಾಡ್ದೆ. ಎಡಗಡೆ ಗೋಡೆ, ಅವನು ಒಬ್ನೇ ಬಲಗಡೆ ಜ್ಯಾಕ್ ಹಾಕ್ತಾನೆ ಅಂತ ನನ್ನ ತಲೆಗೆ ಹೊಳೀಲಿಲ್ಲ.”

ಬಲಗಡೆ ಜ್ಯಾಕ್ ಕೊಟ್ಟು ಎತ್ತಿದರೆ ಭಾರವೆಲ್ಲ ಎಡಚಕ್ರದ ಮೇಲೆ ವಾಲುತ್ತದೆ, ನಟ್ಟಿಲ್ಲದ ಚಕ್ರ ಕಳಚಿ ಗಾಡಿ ಕೆಳಗಿದ್ದವನ ಮೇಲೆ ಬೀಳುತ್ತದೆ. ಅಷ್ಟು ನನಗೂ ಗೊತ್ತು. ಇಷ್ಟು ವರ್ಷ ಇವರಿಬ್ಬರ ಪುರಾಣ ಕೇಳಿದ್ದೇನೆ.

ದೊಡ್ಡ ಜ್ಯಾಕು, ಮರದ ದಿಮ್ಮಿಗಳನ್ನು ಟೆಂಪೋಗೆ ಎಸೆದುಕೊಂಡು ಹೊರಟೆವು. ದಾರಿಯಲ್ಲೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಅಣ್ಣ ಏನೋ ಹೇಳಲು ಬಾಯಿ ತೆರೆದ. “ಒಂದು ಮಾತಾಡಿದ್ರೂ ಇಲ್ಲೇ ಇಳ್ದುಬಿಡ್ತೀನಿ” ಅಂದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ಆ ಹೊತ್ತಿನಲ್ಲಿ ಅವನ ಮುಖ ನೋಡಿದರೆ ಮೈ ಉರಿಯುತ್ತಿತ್ತು.

ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಬಂತು. ಒಂದರ ಹಿಂದೆ ಒಂದು ಡಬ್ಬಿ, ಮುಗಿಯುವುದೇ ಇಲ್ಲ. ನಾನು ಫೋನ್ ಮಾಡುತ್ತಲೇ ಇದ್ದೆ. ಆ ಕಡೆ ರಿಂಗ್ ಆಗುತ್ತಲೇ ಇತ್ತು. ಅಣ್ಣ ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ಕೂತಿದ್ದ. ಇವರು ಇಲ್ಲದ ಮನೆಗೆ ಹೇಗೆ ಹೋಗಲಿ, ಮಗಳಿಗೆ ಫೋನಿನಲ್ಲಿ ಏನೆಂದು ಹೇಳಲಿ, ನಿನ್ನ ಸೋದರಮಾವ ಹೀಗೆ ಮಾಡಿದ ಎಂದು ಯಾವ ಬಾಯಲ್ಲಿ ಹೇಳಲಿ ಎಂದು ತಲೆ ಗಿರ್ರೆನ್ನುತ್ತಿತ್ತು.

ಫ್ಯಾಕ್ಟರಿಯ ಗೇಟು ಅರ್ಧ ತೆರೆದಿತ್ತು. ನರಪಿಳ್ಳೆಯಿಲ್ಲ. ಶೆಡ್ಡಿನ ಹತ್ತಿರ ಓಡುವಾಗ ಒಳಗಿನಿಂದ ಅವರ ಫೋನಿನ ಸದ್ದು ಕೇಳಿಸಿತು. ನನ್ನ ಕೈಯಲ್ಲಿದ್ದ ಫೋನು ಇನ್ನೂ ಕರೆಯುತ್ತಿತ್ತು. ಬಾಗಿಲ ಪಕ್ಕದ ಮೊಳೆಗೆ ಅವರ ಅಂಗಿ ನೇತುಹಾಕಿತ್ತು, ಅಂಗಿಯ ಜೇಬಿನಲ್ಲಿ ಫೋನು. ಕೊಳೆಯಾಗದಿರಲಿ ಎಂದು ಬಿಚ್ಚಿಟ್ಟು ಹೋಗಿದ್ದರು. ಒಳಗೆ ಜೀಪು ಗೋಡೆಯ ಕಡೆಗೆ ಮಗುಚಿಕೊಂಡಂತೆ ಕುಸಿದಿತ್ತು. ಜ್ಯಾಕ್ ಅಡ್ಡಬಿದ್ದಿತ್ತು. ಬಲಗಡೆಯಿಂದ ಎರಡು ಕಾಲುಗಳು ಮಾತ್ರ ಹೊರಗೆ.

“ರೀ...”

ಕಾಲು ಅಲುಗಲಿಲ್ಲ.

“ರೀ! ಮಾತಾಡ್ರೀ!”

ಅಂಗಾಲನ್ನು ಎರಡೂ ಕೈಯಲ್ಲಿ ಹಿಡಿದೆ. ತಣ್ಣಗಿತ್ತು. ದೇವರೇ, ಆ ಕ್ಷಣ ಶತ್ರುವಿಗೂ ಬೇಡ. ಆಮೇಲೆ ಹೆಬ್ಬೆರಳು ಸ್ವಲ್ಪ ಕೊಂಕಿತು. ಕೆಳಗಿನಿಂದ ಎಳೆ ಎಳೆಯಾಗಿ ದನಿ ಬಂತು.

“ಭಾವ ಬಂದ್ನಾ?”

ಹೆಂಡತಿ ಕಾಲು ಹಿಡಿದುಕೊಂಡು ಅಳುತ್ತಿದ್ದಾಳೆ, ಈ ಮನುಷ್ಯ ಕೇಳುವುದು ಭಾವನನ್ನು! ಅಳುವಿನ ನಡುವೆಯೂ ನನಗೆ ರೇಗಿತು. “ಬಂದಿದಾನೆ, ಸುಮ್ನಿರಿ” ಅಂದೆ.

ಅಣ್ಣ ಆಗಲೇ ಕೆಲಸಕ್ಕೆ ಬಿದ್ದಿದ್ದ. ಬಂಪರಿನ ಕೆಳಗೆ ದೊಡ್ಡ ಜ್ಯಾಕ್ ಇಟ್ಟ. ಒಂದು ಸಲ ಒತ್ತಿದ, ಜೀಪು ಕಿರುಗುಟ್ಟಿತು. ಕೆಳಗೆ ಅವರು ನರಳಿದರು. ಅಣ್ಣ ಹಿಡಿಯಿಂದ ಕೈ ತೆಗೆದ. “ನಿಲ್ಲಿಸ್ಬೇಡ, ಒತ್ತು” ಎಂದು ನಾನು ಕೂಗಿದೆ. ತುಸು ಎದ್ದಂತೆಲ್ಲ ಒಂದು ದಿಮ್ಮಿ ತೂರಿಸಿದ. ಆದರೆ ಎಡಗಡೆ ಚಕ್ರವಿಲ್ಲ, ಗಾಡಿ ವಾಲಿದ ಮೇಲೆ ಗೋಡೆಗೂ ಅದಕ್ಕೂ ನಡುವೆ ಮನುಷ್ಯ ನಿಲ್ಲಲು ಜಾಗವಿಲ್ಲ. ಆ ಕಡೆಗೆ ದಿಮ್ಮಿ ಕೊಡಬೇಕಾದರೆ ಒಬ್ಬರು ಕೆಳಗೆ ತೂರಬೇಕು. ನೆಲವೋ ಹಳೇ ಮಣ್ಣು, ಜ್ಯಾಕ್ ಒಂದು ಕಡೆಗೆ ವಾಲುತ್ತಿತ್ತು.

“ಇದರ ಹಿಡಿ ಹಿಡ್ಕೋ. ವಾಲೋ ಕಡೆಗೆ ಬಿಡ್ಬೇಡ” ಎಂದ ಅಣ್ಣ.

“ಬೇಡ ಅಣ್ಣ, ಇನ್ಯಾರಾದ್ರೂ ಬರ್ಲಿ. ಆಂಬುಲೆನ್ಸ್ ಬರ್ತಿದೆ.”

“ಅಷ್ಟು ಹೊತ್ತು ಅವನು ಉಸಿರಾಡೋದು ಹೇಗೆ?”

ಅಂಗಿ ಸಮೇತ ಬೋರಲು ಮಲಗಿ, ದಿಮ್ಮಿಯನ್ನು ಮುಂದೆ ತಳ್ಳಿಕೊಂಡು ತೆವಳಿದ. ಈಗ ನಾಲ್ಕು ಕಾಲುಗಳು ಹೊರಗೆ. ನಾನು ಹಲ್ಲು ಕಚ್ಚಿ ಜ್ಯಾಕಿನ ಹಿಡಿಗೆ ಇಡೀ ಮೈ ಆನಿಸಿ ನಿಂತೆ. ದಿಮ್ಮಿ ಕೂರಿಸುವ ಸದ್ದು, ಇಬ್ಬರ ಏದುಸಿರು, ಬೇರೇನೂ ಇಲ್ಲ. ಆಮೇಲೆ ಚಾಸಿಯ ಪಟ್ಟಿ ಅವರ ಎದೆಯಿಂದ ಬಿಟ್ಟಿತೆಂದು ಕಾಣುತ್ತದೆ, ಅವರು ದೀರ್ಘವಾಗಿ ಉಸಿರೆಳೆದುಕೊಂಡು ಕೆಮ್ಮಿದರು. ಪಕ್ಕೆಲುಬುಗಳು ಮುರಿದಿದ್ದವು, ಹೆಗಲು ಜಾರಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಅದೆಲ್ಲ ಆಸ್ಪತ್ರೆಯಲ್ಲಿ ಗೊತ್ತಾದದ್ದು. ಆಗ ನನಗೆ ಆ ಕೆಮ್ಮೇ ಸಾಕಾಗಿತ್ತು.

“ನಂಬರ್ ತಗಡು ಹಾಗೇ ಇದೆ ಕಣೋ. ಅಸಲಿ” ಎಂದರು.

“ಬಾಯಿ ಮುಚ್ರೀ!” ಎಂದು ಕಿರುಚಿದೆ.

ಕೆಳಗಿನಿಂದ ಅಣ್ಣನ ದನಿ.

“ನಟ್ ಬಿಚ್ಚಿದ್ದು ನಾನು.”

“ಗೊತ್ತು.”

“ಏನ್ ಗೊತ್ತು?”

“ನಂಬರ್ ಓದೋ ಆತುರಕ್ಕೆ ಗೋಣಿಚೀಲ ಎತ್ತಿ ನೋಡ್ಲೇ ಇಲ್ಲ. ಗಾಡಿ ಮೇಲೆ ಬಿದ್ದಾಗ ಮುಗೀತು ಅಂದ್ಕೊಂಡೆ. ಎಲ್ಲಿಗೆ ಹೋಗ್ತೀನಿ ಅಂತ ಯಾರಿಗೂ ಹೇಳಿಲ್ಲ. ಇವಳು ಎಲ್ಲಿ ಅಂತ ಹುಡುಕ್ತಾಳೆ? ಕೂಗಿ ಕೂಗಿ ದನಿ ಹೋಯ್ತು. ಆಮೇಲೆ ಟಾರ್ಚು ಆ ಕಡೆ ತಿರುಗಿಸ್ದೆ. ಚಕ್ರ ಕಳಚಿಕೊಂಡಿದೆ, ಒಂದು ನಟ್ಟೂ ಇಲ್ಲ. ಎಡಗಡೆ ನಟ್ಟನ್ನ ಬೋಲ್ಟಿನ ಸುತ್ತು ಹಾಳಾಗದ ಹಾಗೆ ಉಲ್ಟಾ ಬಿಚ್ಚೋನು ಈ ಊರಲ್ಲಿ ನೀನೊಬ್ನೇ.” ಅವರು ಉಸಿರಿಗಾಗಿ ನಿಲ್ಲಿಸಿದರು. “ಅದನ್ನ ನೋಡಿ ಜೀವ ಬಂತು ಕಣೋ. ಈ ಜಾಗ ಇನ್ನೊಬ್ಬನಿಗೆ ಗೊತ್ತು, ಅದೂ ನಿಂಗೆ. ಇವಳು ನಿನ್ನ ಹತ್ರ ಓಡಿ ಬರ್ತಾಳೆ, ನೀನು ಬಂದೇ ಬರ್ತೀಯ ಅಂತ ಕಾಯ್ತಾ ಮಲಗಿದ್ದೆ.”

ಅಣ್ಣ ಗೊಳೋ ಎಂದು ಅಳುವುದು ಕೇಳಿಸಿತು. ನಮ್ಮಪ್ಪ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. ಇಬ್ಬರನ್ನೂ ಎಳೆದು ಹಾಕಿ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ಇಬ್ಬರನ್ನೂ ತಬ್ಬಿಕೊಂಡು ಅಳಬೇಕು ಅನ್ನಿಸಿತು. ಎರಡನ್ನೂ ಮಾಡುವಂತಿರಲಿಲ್ಲ. ದೂರದಲ್ಲಿ ಆಂಬುಲೆನ್ಸಿನ ಸದ್ದು ಕೇಳುತ್ತಿತ್ತು, ಕೈ ಬೆವತು ಹಿಡಿ ಜಾರುತ್ತಿತ್ತು. ನಾನು ಬಿಡಲಿಲ್ಲ. ಈ ಊರಲ್ಲಿ ನನ್ನವರೆಂದು ಇರುವ ಇಬ್ಬರೂ ಆ ಗಾಡಿಯ ಕೆಳಗಿದ್ದರು.