ಅರವತ್ತೈದನೆಯ ಪುಟ

ಹೊಸ ಪುಸ್ತಕ ಕೈಗೆ ಬಂದರೆ ಸಾಮಾನ್ಯರು ಮೊದಲ ಪುಟ ನೋಡುತ್ತಾರೆ, ಅವಸರದವರು ಕೊನೆಯದನ್ನು. ನಾನು ಮಾತ್ರ ಕಥೆ ಅರವತ್ನಾಲ್ಕನೆಯ ಪುಟದಿಂದ ಅರವತ್ತೈದಕ್ಕೆ ಸುಸೂತ್ರವಾಗಿ ದಾಟುತ್ತದೆಯೇ ಎಂದು ಪರೀಕ್ಷಿಸುತ್ತೇನೆ. ಇದನ್ನು ಪಾಂಡಿತ್ಯವೆಂದು ಭ್ರಮಿಸಿ ಸ್ಟೂಲು ಕೊಟ್ಟ ಅಂಗಡಿಯವರಿದ್ದಾರೆ, ಪುಕ್ಕಟೆ ಓದುವ ಹುನ್ನಾರವೆಂದು ಕೆಮ್ಮಿದವರೂ ಇದ್ದಾರೆ. ಎರಡೂ ಅಲ್ಲ ಸ್ವಾಮಿ, ಇದು ಹಳೆಯ ಭಯ.

ಅರವತ್ತರ ದಶಕದ ಆರಂಭ. ನಮ್ಮ ಮನೆ ಯಶವಂತಪುರದಲ್ಲಿ, ರೈಲು ಹೋದರೆ ಅಡುಗೆಮನೆಯ ತಟ್ಟೆಗಳು ಅದುರುವಷ್ಟು ಹಳಿಗೆ ಹತ್ತಿರ. ನನಗೆ ಒಂಬತ್ತು ವರ್ಷ. ನಮ್ಮ ಬೀದಿಯ ವಾಚನಾಲಯದಲ್ಲಿ ಮಕ್ಕಳು ಮಾಯಾವಿದ್ಯೆ ಕಂಡುಕೊಳ್ಳುವ ಕಾದಂಬರಿಗಳು ಎರಡೇ ಎರಡಿದ್ದವು. ಒಂದೇ ಅಳತೆ, ಒಂದೇ ಅಚ್ಚು. ಓದಿ ಓದಿ ರಟ್ಟು ಕಳಚಿದ್ದರಿಂದ ಹೊಸದಾಗಿ ಹೊಲಿಸಿ ನೀಲಿ ಬಟ್ಟೆ ಹೊದಿಸಿದ್ದರು. ಒಂದನ್ನು ನಾನು ತಂದೆ, ಇನ್ನೊಂದನ್ನು ನನ್ನ ತರಗತಿಯ ನಾಗರತ್ನ ಒಯ್ದಳು. ಶನಿವಾರ ಇಬ್ಬರೂ ಎದ್ದು ನಿಂತು ಅವುಗಳ ಗುಣಾವಗುಣಗಳನ್ನು ಹೋಲಿಸಬೇಕೆಂದು ಮೇಷ್ಟ್ರ ಅಪ್ಪಣೆಯಾಯಿತು.

ನನ್ನ ಪುಸ್ತಕದಲ್ಲಿ ಕಿಟ್ಟಿಯೆಂಬ ಹುಡುಗನಿಗೆ ಹಿತ್ತಲಲ್ಲಿ ಹಿತ್ತಾಳೆಯ ಸುಣ್ಣದ ಡಬ್ಬಿಯೊಂದು ಸಿಗುತ್ತದೆ; ಮುಚ್ಚಳ ತೆರೆದು ಏನು ಬೇಡಿದರೂ ಬರುತ್ತದೆ. ಡಬ್ಬಿ ಬಾವಿಗೆ ಬೀಳುತ್ತದೆ, ಅದನ್ನು ತರಲು ಕಿಟ್ಟಿ ಇಳಿಯುತ್ತಾನೆ, ಹಗ್ಗ ಹರಿಯುತ್ತದೆ. ಅಲ್ಲಿಗೆ ಅರವತ್ನಾಲ್ಕನೆಯ ಪುಟ ಮುಗಿಯಿತು. ಎದುರಿನ ಪುಟದಲ್ಲಿ ನೋಡಿದರೆ ಗೌರಿಯೆಂಬ ಹುಡುಗಿ ಕಣಜದಿಂದ ಹೊರಬಂದು, ತಾನೇ ಬರೆದ ರಂಗೋಲಿಯ ನವಿಲನ್ನೇರಿ ಊರು ಸುತ್ತುತ್ತಿದ್ದಾಳೆ! ಕೊನೆಯವರೆಗೂ ಕಿಟ್ಟಿಯ ಸುದ್ದಿಯೇ ಇಲ್ಲ.

"ಕಿಟ್ಟೀನೇ ಗೌರಿ ಆಗಿರ್ತಾನೆ ಕಣೇ, ಮಾಯ ಅಂದ್ಮೇಲೆ ಹಂಗೆಲ್ಲಾ ಕೇಳ್ಬಾರ್ದು" ಎಂದಳು ಅಕ್ಕ. ಬುದ್ಧಿ ಒಪ್ಪಿತು, ಹೊಟ್ಟೆ ಒಪ್ಪಲಿಲ್ಲ. ನಾಲ್ಕು ದಿನ ಅನ್ನ ಸೇರಲಿಲ್ಲ. ಮನೆಯಲ್ಲಿ ನೀರು ಸೇದುವ ಕೆಲಸ ನನ್ನದು. ಬಾವಿಗೆ ಬಗ್ಗಿದಾಗಲೆಲ್ಲ ಅವನು ಕೆಳಗೆ ಚಳಿಯಲ್ಲಿ ನಡುಗುತ್ತಿದ್ದಾನೆಂದೇ ನನಗನ್ನಿಸುತ್ತಿತ್ತು. ಬಿಂದಿಗೆಯನ್ನು ಯಾರ ತಲೆಗೂ ತಾಗದ ಹಾಗೆ ಮೆಲ್ಲಮೆಲ್ಲನೆ ಇಳಿಸುತ್ತಿದ್ದೆ. ಬೇಳೆ ಬೇಯಲು ನೀರಿಲ್ಲವೆಂದು ಅಮ್ಮ ಒಳಗಿಂದ ಕೂಗುತ್ತಿದ್ದರು.

ಶನಿವಾರ ಎದ್ದು ನಿಂತು, ಹುಡುಗನೇ ಹುಡುಗಿಯಾಗುವ ಈ ಕೃತಿಯೇ ಶ್ರೇಷ್ಠವೆಂದು ಮಂಡಿಸಿದೆ. ತರಗತಿ ಗೊಳ್ಳೆಂದಿತು. ನಾಗರತ್ನ ಚಂಗನೆದ್ದಳು.

"ಸುಳ್ಳು ಸಾರ್! ಗೌರೀನ ಅವಳ ಚಿಕ್ಕಮ್ಮ ಕಣಜದಲ್ಲಿ ಕೂಡಿಹಾಕ್ತಾಳೆ. ಆಮೇಲೆ ಯಾವನೋ ಕಿಟ್ಟಿ ಅಂತೆ, ಬಾವಿಯಿಂದ ಬರ್ತಾನೆ."

ಮೇಷ್ಟ್ರು, ಹೋಲಿಕೆ, ಶ್ರೇಷ್ಠತೆ ಎಲ್ಲ ಮರೆತೇ ಹೋಯಿತು.

"ಬಂದ್ನಾ? ಕಿಟ್ಟಿ ಮೇಲೆ ಬಂದ್ನಾ?"

"ಬಂದ ಕಣೇ. ಅವರಮ್ಮ ಪಕ್ಕದ್ಮನೆ ಪಾತಾಳಗರಡಿ ಇಸ್ಕೊಂಡು ಬಂದು ಬಿಟ್ರೆ, ಕೊಕ್ಕೆ ಅವನ ಬೆಳ್ಳಿ ಉಡಿದಾರಕ್ಕೇ ಸಿಕ್ಕೊಳ್ತು!" ಎಂದವಳು ತಟ್ಟನೆ ದನಿ ತಗ್ಗಿಸಿ, "ನಮ್ಮ ಗೌರಿ?" ಎಂದಳು.

"ಬಂದ್ಳು. ನವಿಲು ಹತ್ಕೊಂಡು."

ಅಬ್ಬಾ! ಎದೆಯ ಮೇಲಿನ ಚಪ್ಪಡಿ ಸರಿದ ಹಾಗಾಯಿತು. ಇಬ್ಬರೂ ನಿಂತಲ್ಲೇ ಅತ್ತೆವು, ಅಳುತ್ತಲೇ ನಕ್ಕೆವು. ಮೇಷ್ಟ್ರು ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಬಿಡಿಸಿ ನೋಡಿ, ಹೊಲಿದವರು ಒಂದರ ಉತ್ತರಾರ್ಧವನ್ನು ಇನ್ನೊಂದಕ್ಕೆ ಸೇರಿಸಿಬಿಟ್ಟಿದ್ದಾರೆಂದು ತೀರ್ಪಿತ್ತರು.

ದೊಡ್ಡವಳಾದ ಮೇಲೆ ಆ ಹೋಲಿಕೆಯನ್ನು ಪಾಂಡಿತ್ಯಪೂರ್ಣವಾಗಿ ಪೂರೈಸಲು ಯತ್ನಿಸಿದ್ದುಂಟು: ಕಿಟ್ಟಿಯ ಮಾಯ ಹೊರಗಿನಿಂದ ಬಂದದ್ದು, ಗೌರಿಯದು ಬೆರಳ ತುದಿಯಲ್ಲೇ ಇದ್ದದ್ದು, ಆದಕಾರಣ ಇತ್ಯಾದಿ. ಆದರೆ ನನ್ನ ಮನಸ್ಸೆಲ್ಲ ಆ ಪಾತಾಳಗರಡಿಯ ಮೇಲೆ. ಬಾವಿಗೆ ಬಿದ್ದ ಕೊಡಪಾನ ಎತ್ತುವ ಅಂಥದೇ ಕಬ್ಬಿಣದ ಕೊಕ್ಕೆಗಳ ಗೊಂಚಲು ನಮ್ಮ ಬಚ್ಚಲ ಗೋಡೆಯಲ್ಲೂ ತೂಗುತ್ತಿತ್ತು. ಬೀದಿಯವರೆಲ್ಲ ಕೇಳಿ ಒಯ್ಯುತ್ತಿದ್ದರು. ಹುಡುಗನನ್ನು ಕೆಳಗಿಳಿಸಿದ್ದು ಮಾಯ, ಮೇಲೆ ತಂದದ್ದು ಪಕ್ಕದ ಮನೆಯವರ ಕೊಕ್ಕೆ. ಆ ಶನಿವಾರ ಶಾಲೆ ಬಿಟ್ಟೊಡನೆ ಮನೆಗೆ ಓಡಿ, ಬಿಂದಿಗೆಯನ್ನು ಬಾವಿಗೆ ಧೊಪ್ಪನೆ ಬಿಟ್ಟೆ.

ಈಗಲೂ ಪುಸ್ತಕವನ್ನು ನಡುವೆಯೇ ತೆರೆಯುತ್ತೇನೆ. ಮೊನ್ನೆ ಒಂದರಲ್ಲಿ ನಿಜಕ್ಕೂ ಪುಟಗಳು ಅದಲುಬದಲಾಗಿದ್ದವು. ಅಂಗಡಿಯವರು ನಾಚಿ, ಬೇರೆ ಪ್ರತಿ ಕೊಡುತ್ತೇನೆಂದರು.

"ಅದಿರಲಿ, ಇದರ ಉಳಿದರ್ಧ ಇರೋ ಪುಸ್ತಕ ಯಾರು ತಗೊಂಡ್ಹೋದ್ರು? ಪಾಪ, ಅವರಿಗೆ ಹೇಳ್ಬೇಕಲ್ರೀ" ಎಂದೆ.