ಸಿದ್ದೇಶನ ಉಸಿರಿನ ಪಾಠ

ಅಶೋಕಪುರಂನ ಸಿದ್ದೇಶ ತಾಯಿಯ ಮೇಲೆ ಜೀವವನ್ನೇ ಇಟ್ಟುಕೊಂಡವನು. ಆದರೂ ಅವಳು ಮಲಗಿದ್ದ ಕೋಣೆಯ ಹೊಸ್ತಿಲು ದಾಟಲು ಅವನಿಂದ ಆಗುತ್ತಿರಲಿಲ್ಲ. ಅವ್ವ ಬಸವಮ್ಮನ ಹಳೆಯ ಉಬ್ಬಸ ಎದೆಗೂಡನ್ನೆಲ್ಲ ತಿಂದು ಹಾಕಿತ್ತು. ಇನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿದ್ದರು. ಆ ಮಾತಿನ ಅರ್ಥವನ್ನು ಸಿದ್ದೇಶನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ದೊಡ್ಡ ಆಸ್ಪತ್ರೆಯೊಂದರಲ್ಲಿ ವಾರ್ಡ್ ಅಟೆಂಡರ್.

ಕೊರೊನಾ ಕಾಲದಲ್ಲಿ ಆಕ್ಸಿಜನ್ ಸಿಲಿಂಡರುಗಳನ್ನು ಉರುಳಿಸಿಕೊಂಡು ಹೋಗಿ ಮಂಚದ ಪಕ್ಕ ನಿಲ್ಲಿಸುವುದು ಅವನ ಕೆಲಸವಾಗಿತ್ತು. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಸಾಯುವವರ ಪಾಲಿಗೆ ಇವನೇ ಮಗ, ಇವನೇ ಅಳಿಯ. ಏದುಸಿರು ಮೇಲುಸಿರಾಗಿ, ಮೇಲುಸಿರು ಗೊರಗೊರ ಸದ್ದಾಗಿ, ಆಮೇಲೆ ಗಪ್ಪನೆ ನಿಂತುಹೋಗುವುದನ್ನು ಅವನು ಕೇಳಿದ್ದಕ್ಕೆ ಲೆಕ್ಕವಿಲ್ಲ. ರೋಗ ಊರು ಬಿಟ್ಟಿತು, ಆ ಸದ್ದು ಮಾತ್ರ ಇವನ ಕಿವಿಯೊಳಗೇ ಗೂಡು ಕಟ್ಟಿಕೊಂಡು ಕೂತಿತು. ಅವ್ವನ ಎದೆ ಗೊರಗುಟ್ಟಿದರೆ ಸಾಕು, ಕೈಕಾಲು ತಣ್ಣಗಾಗಿ, ಬೆನ್ನಿನ ಮೇಲೆ ಬೆವರಿಳಿದು, ಬೀದಿಗೆ ಬಿದ್ದು ಓಡುತ್ತಿದ್ದ.

“ಬಾರೋ ಮಗ, ಪಕ್ದಲ್ಲಿ ಒಂಚೂರು ಕೂತ್ಕೊ. ನಾನೇನು ಕಚ್ಚಕಿಲ್ಲ ಕಣೋ, ಹಲ್ಲೇ ಇಲ್ಲ,” ಎಂದು ಬಸವಮ್ಮ ಒಳಗಿನಿಂದ ಕರೆಯುವಳು.

“ಬಂದೆ ಕಣವ್ವ,” ಎನ್ನುವನು. ಬರುತ್ತಿರಲಿಲ್ಲ.

ಅವ್ವ ಕಣ್ಣು ಮುಚ್ಚುವುದರೊಳಗೆ ಅವಳ ಪಕ್ಕ ಕೂತು ಕೈ ಹಿಡಿದುಕೊಳ್ಳುವಂತಾಗಬೇಕು. ಇಷ್ಟೇ ಅವನ ಆಸೆ. ಆ ಆಸೆಯಿಂದಲೇ ಅನುಪಮಾ ಎಂಬುವಳ ಸಂಶೋಧನೆಗೆ ಹೆಸರು ಕೊಟ್ಟ. ಅವಳು ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಜಯಲಕ್ಷ್ಮಿಪುರಂನ ಹುಡುಗಿ. ಕೋವಿಡ್ ವಾರ್ಡುಗಳಲ್ಲಿ ದುಡಿದು ಮನಸ್ಸು ಕದಡಿದವರಿಗೆ ಮೊಬೈಲ್ ಆ್ಯಪ್‌ನಲ್ಲಿ ಧ್ಯಾನ ಕಲಿಸಿದರೆ ನೆಮ್ಮದಿ ಸಿಕ್ಕೀತೇ ಎಂದು ನೋಡುವುದು ಅವಳ ಅಧ್ಯಯನ.

ದಿನಾ ಬೆಳಿಗ್ಗೆ ಸಿದ್ದೇಶ ಇಯರ್‌ಫೋನ್ ಸಿಕ್ಕಿಸಿಕೊಂಡು ಗೋಡೆಗೊರಗಿ ಕೂರುತ್ತಿದ್ದ. ಬೆಣ್ಣೆಯಂಥ ದನಿಯ ಹೆಂಗಸು ಹೇಳುತ್ತಿದ್ದಳು: “ಕಣ್ಣು ಮುಚ್ಚಿ. ನಿಮ್ಮ ಉಸಿರನ್ನು ಆಲಿಸಿ.”

ಹೊರಗಿನ ಸದ್ದೆಲ್ಲ ಅಡಗುತ್ತಿತ್ತು. ಅವನದೇ ಉಸಿರು ತಲೆಬುರುಡೆಯೊಳಗೆ ಭುಸುಗುಟ್ಟುತ್ತಿತ್ತು. ಅದರ ಹಿಂದೆಯೇ ವಾರ್ಡು ಬರುತ್ತಿತ್ತು. ನಂಜನಗೂಡಿನ ಮೇಷ್ಟರೊಬ್ಬರು ಇವನ ತೋಳು ಹಿಡಿದು, “ಸಿಲಿಂಡರ್ ಬಂತೇನಪ್ಪ?” ಎಂದು ಕೇಳುತ್ತಿದ್ದರು. ಅದು ಬಂದಿರಲಿಲ್ಲ.

ಪಾಠ ಮುಗಿದ ಮೇಲೆ ಹೇಗಿತ್ತೆಂದು ಆ್ಯಪ್ ಕೇಳುತ್ತಿತ್ತು. ಸಿದ್ದೇಶ ‘ಕಷ್ಟವಾಯಿತು’ ಎಂಬುದನ್ನು ಒತ್ತುತ್ತಿದ್ದ. ‘ಪರವಾಗಿಲ್ಲ, ನಾಳೆ ಮತ್ತೆ ಪ್ರಯತ್ನಿಸಿ’ ಎಂದು ಉತ್ತರ ಬರುತ್ತಿತ್ತು. ಆಸ್ಪತ್ರೆಯವನಲ್ಲವೇ, ಸೂಜಿ ಚುಚ್ಚಿದಾಗ ಉರಿದರೆ ಮದ್ದು ಹತ್ತುತ್ತಿದೆ ಎಂದುಕೊಳ್ಳುವವನು. ಬೆಳಗಿನದು ಸಾಲದೆಂದು ಸಂಜೆಯೂ ಕೂರತೊಡಗಿದ.

“ಫೋನಿನೊಳಗಿರೋ ಹೆಂಗ್ಸು ಕೂರು ಅಂದ್ರೆ ಕೂರ್ತೀರ. ಅತ್ತೆ ಕರುದ್ರೆ ಕಾಲು ಕೀಳ್ತೀರ. ಚೆನ್ನಾಗದೆ ಕಣ್ರೀ ನಿಮ್ಮ ಧ್ಯಾನ!” ಎಂದು ಹೆಂಡತಿ ಧರಣಿ ಚುಚ್ಚಿದಳು.

“ಅವ್ವನ ಹತ್ರ ಕೂರಕ್ಕೇ ಕಣೇ ಇದೆಲ್ಲ,” ಎಂದ ಸಿದ್ದೇಶ. ಅವಳು ಅವನ ಮುಖ ನೋಡಿ, ಅತ್ತೆಯ ಗಂಜಿ ಎತ್ತಿಕೊಂಡು ಒಳಗೆ ಹೋದಳು.

ಒಂದು ದಿನ ಆಸ್ಪತ್ರೆಯಲ್ಲಿ ಮುದುಕನೊಬ್ಬನನ್ನು ಸ್ಟ್ರೆಚರ್‌ನಲ್ಲಿ ತಳ್ಳಿಕೊಂಡು ಹೋಗುತ್ತಿದ್ದಾಗ ಆತನಿಗೆ ಕೆಮ್ಮು ಹತ್ತಿ ಉಸಿರು ಎಳೆಯಿತು. ಸಿದ್ದೇಶ ಸ್ಟ್ರೆಚರನ್ನು ದಾರಿಯಲ್ಲೇ ಬಿಟ್ಟು ಓಡಿಹೋದ. ಪುಣ್ಯಕ್ಕೆ ನರ್ಸಮ್ಮ ಹತ್ತಿರವಿದ್ದರು. ಮೇಲಿನವರು ಕೆಂಡ ಕಾರಿದರು. ಸುದ್ದಿ ತಿಳಿದ ಅನುಪಮಾ ಅವನನ್ನು ಕರೆಸಿ ಎದುರಿಗೆ ಕೂರಿಸಿಕೊಂಡಳು.

“ದಿನಾ ‘ಕಷ್ಟವಾಯಿತು’ ಅಂತ ಒತ್ತಿದ್ದೀರಿ. ನಾನು ನೋಡ್ದೆ. ಮೊದಮೊದಲು ಎಲ್ಲರಿಗೂ ಹಾಗೇ ಆಗುತ್ತೆ ಅನ್ಕೊಂಡುಬಿಟ್ಟೆ,” ಎಂದಳು. ದನಿ ಸಣ್ಣಗಾಗಿತ್ತು. “ಇವತ್ತಿಂದ ಅದನ್ನ ಮುಟ್ಟಬೇಡಿ.”

“ಉಸಿರು ಬುಟ್ಟು ಬೇರೆ ಏನೂ ಇಲ್ವಾ ಮೇಡಂ ಅದ್ರೊಳಗೆ? ಮರನೋ ನೀರೋ?”

“ಇಲ್ಲ. ಪೂರ್ತಿ ಉಸಿರಿನ ಮೇಲೇ ಕಟ್ಟಿರೋದು.”

“ಅಂಗಾದ್ರೆ ನಾನು ಫೇಲು.”

“ನೀವಲ್ಲ ಸಿದ್ದೇಶ್. ನಿಮಗೆ ಬೇರೆ ಚಿಕಿತ್ಸೆ ಇದೆ, ಒಳ್ಳೇ ಡಾಕ್ಟರ ಹತ್ತಿರ ಕಳಿಸ್ತೀನಿ. ಆದ್ರೆ ನಿಧಾನ. ಕೆಲವು ತಿಂಗಳು ಹಿಡಿಯುತ್ತೆ.”

“ಅವ್ವಂಗೆ ಅಷ್ಟು ಟೈಮ್ ಇಲ್ಲ ಮೇಡಂ,” ಎಂದು ಎದ್ದು ಬಂದ.

ಆ ವಾರವೇ, ಒಂದು ಮಧ್ಯಾಹ್ನ, ಬಸವಮ್ಮನ ಮೇಲುಸಿರು ಜಗಲಿಗೆ ಕೇಳತೊಡಗಿತು. ಧರಣಿ ಹೊರಗೆ ಬಂದು, “ಬನ್ನಿ, ಕೇಳ್ತಾವ್ರೆ ನಿಮ್ಮನ್ನ,” ಎಂದು ಕೈಹಿಡಿದು ಎಳೆದಳು. ಸಿದ್ದೇಶ ಬಾಗಿಲವರೆಗೆ ಬಂದ. ಚೌಕಟ್ಟನ್ನು ಅವುಚಿ ಹಿಡಿದ. ಕಾಲು ಕಲ್ಲಾಗಿತ್ತು.

ಬಸವಮ್ಮ ದಿಂಬಿನ ಮೇಲೆ ಮುಖ ಹೊರಳಿಸಿ ನೋಡಿದಳು.

“ಅಲ್ಲೇ ಇರು ಮಗ,” ಎಂದಳು, ಒಂದೊಂದೇ ಮಾತನ್ನು ಎಳೆದು ತಂದು. “ಕಾಣ್ತಾ ಇದ್ದೀಯಲ್ಲ.”

ಅದೂ ಅವನಿಂದಾಗಲಿಲ್ಲ. ಕಿವಿ ಮುಚ್ಚಿಕೊಂಡು ಬೀದಿಗೆ ಹೋಗಿ, ಗೋಡೆಗೆ ಹಣೆ ಒತ್ತಿ ನಿಂತ. ಕೈ ತೆಗೆದಾಗ ಒಳಗಿನಿಂದ ಏನೂ ಕೇಳಿಸಲಿಲ್ಲ.

ಆಗ ಅವನ ಕಾಲು ಸಡಿಲವಾಯಿತು. ನೆಟ್ಟಗೆ ಒಳಗೆ ನಡೆದು, ಅವ್ವನ ಪಕ್ಕ ಚಾಪೆಯ ಮೇಲೆ ಕೂತು, ಇನ್ನೂ ಬಿಸಿಯಾಗಿದ್ದ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ನೆರೆಯವರು ಬಂದರು, ನೆಂಟರು ಬಂದರು. ತಾಯಿಯನ್ನು ಬಿಟ್ಟು ಕದಲದ ಅವನನ್ನು ನೋಡಿ, ಹೆತ್ತರೆ ಇಂಥ ಮಗನನ್ನು ಹೆರಬೇಕು ಎಂದು ಮಾತಾಡಿಕೊಂಡರು. ಧರಣಿ ಕೇಳಿಸಿಕೊಂಡು, ಅತ್ತೆಯ ತಲೆದೆಸೆಯ ದೀಪಕ್ಕೆ ಎಣ್ಣೆ ಹೊಯ್ದಳು.

ಮೈ ತೊಳೆಯಲು ಬಂದ ಹೆಂಗಸರು ಅವನನ್ನು ಏಳು ಎಂದರು.

“ಇನ್ನೊಂಚೂರು ಹೊತ್ತು ಕೂತಿರ್ತೀನಿ ಬುಡ್ರಮ್ಮ,” ಎಂದ ಸಿದ್ದೇಶ.