ಕೊನೆಯ ಸಾಲಿನಿಂದ ಕಲಿತ ಕುಣಿತ

ಕೆಲಮಂಗಲದಲ್ಲಿ ಹಾಡು ಬೇಕೆಂದರೆ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಬೇಕಿದ್ದ ಕಾಲ ಅದು. ಮೊಬೈಲು ಇದ್ದದ್ದು ಅಂಗಡಿ ಸಾಹುಕಾರರ ಜೇಬಿನಲ್ಲಿ ಮಾತ್ರ. ನಾನಾಗ ಏಳನೇ ಕ್ಲಾಸು. ಬೀದಿಯೆಲ್ಲ ಅವರೆಕಾಯಿ ಸೊಗಡಿನ ವಾಸನೆ ತುಂಬಿದ್ದ ಒಂದು ಚಳಿಗಾಲದಲ್ಲಿ ಗೋವಿಂದ ತಾತ ಮದ್ರಾಸು ಬಿಟ್ಟು, ನಮ್ಮ ಎದುರು ಮನೆಯಲ್ಲಿದ್ದ ತಮ್ಮ ತಂಗಿಯ ಜೊತೆ ಇರಲು ಬಂದರು. ಕಪ್ಪು ಬಿಳುಪಿನ ಕಾಲದಲ್ಲಿ ಅವರು ಹಾಡು ಕುಣಿತದ ಸಿನಿಮಾಗಳ ಡೈರೆಕ್ಟರ್ ಆಗಿದ್ದರಂತೆ.

ನಾವು ಗೋಲಿ ಬಿಟ್ಟು ಅವರ ಜಗಲಿ ಹಿಡಿದೆವು. ಸಿನಿಮಾದ ಮಳೆಗೆ ನೀರು ಎಲ್ಲಿಂದ ಬರುತ್ತೆ, ಹೀರೋಯಿನ್ನು ನಿಜವಾಗಿಯೂ ಅಳುತ್ತಾಳಾ, ಕುದುರೆ ಹೇಳಿದ ಮಾತು ಕೇಳುತ್ತಾ, ಕೇಳಿದ್ದೇ ಕೇಳಿದ್ದು. ತಾತ ಬೇಯಿಸಿದ ಅವರೆಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತ ಒಂದಕ್ಕೂ ಬೇಸರವಿಲ್ಲದೆ ಉತ್ತರ ಹೇಳುತ್ತಿದ್ದರು. ನಾಟಕದ ಕಂಪನಿಯಿಂದ ಓಡಿ ಸ್ಟುಡಿಯೋ ಸೇರಿದ್ದು, ಮೊದಮೊದಲು ಹಾರ್ಮೋನಿಯಂ ಹೊತ್ತಿದ್ದು, ಕಲರ್ ಬಂದ ಮೇಲೆ ಕರೆಯುವವರೇ ಇಲ್ಲವಾದದ್ದು, ಎಲ್ಲ ಹೇಳಿದರು.

ನಮ್ಮ ಡ್ರಿಲ್ ಮೇಷ್ಟ್ರು ಮಾತ್ರ ನಂಬಲಿಲ್ಲ. ಮದ್ರಾಸು ನೋಡಿ ಬಂದವರೆಲ್ಲ ಡೈರೆಕ್ಟರೇ ಎಂದು ಕ್ಲಾಸಿನಲ್ಲೇ ನಕ್ಕರು. ನನಗೆ ರೋಷ ಬಂತು. ಸ್ಕೂಲ್ ಡೇಗೆ ನಮ್ಮ ಕುಣಿತ ತಾತನೇ ಕಲಿಸಲಿ, ನೋಡಿ ಆಮೇಲೆ ಹೇಳಿ ಎಂದುಬಿಟ್ಟೆ.

"ಕೆಟ್ಟೋದ್ರೆ?" ಎಂದರು ಮೇಷ್ಟ್ರು.

"ತಾತ ಬುರುಡೆ ಬಿಟ್ಟವ್ರೆ ಅಂತ ನಾನೇ ಮೈಕಲ್ಲಿ ಹೇಳ್ತೀನಿ ಸಾರ್."

ಕೆರೆ ಏರಿಯ ಮೇಲೆ ನಮ್ಮ ಆರು ಜನ ಹುಡುಗರಿಗೆ ಪಾಠ ಶುರುವಾಯಿತು. ಮೊದಲ ದಿನವೇ ಹಾಡಿನ ಕೊನೆಯ ಸಾಲು. ನೀರಿನ ಮೇಲೆ ಸಂಜೆ ಬಿಸಿಲು ಬಿದ್ದಿತ್ತು.

"ಬೆಳಕು ಓಡೋಯ್ತದೆ ಕಣ್ರಲಾ, ಮೊದ್ಲು ಇದ್ನ ಮುಗ್ಸಾನ," ಎಂದರು ತಾತ.

ಮಾರನೆಯ ದಿನ ಹುಣಸೆಮರದ ನೆರಳಲ್ಲಿ ಪಲ್ಲವಿ, ಅದರ ಮಾರನೆಯ ದಿನ ಕೆರೆಯ ಮೆಟ್ಟಿಲ ಮೇಲೆ ಕೂತು ನಡುವಿನ ಎರಡು ಸಾಲು. ಒಂದೇ ಸಾಲಿಗೆ ಕ್ಯಾಸೆಟ್ಟನ್ನು ಹಿಂದಕ್ಕೋಡಿಸಿ ಓಡಿಸಿ ಇಪ್ಪತ್ತು ಸಲ ಕುಣಿಸುತ್ತಿದ್ದರು. ಒಂದೊಂದು ಸಾಲೂ ಎಷ್ಟು ಚೆಂದ ಕೂತಿತ್ತೆಂದರೆ ಹಾದಿಯವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು.

ಸ್ಕೂಲ್ ಡೇ ದಿನ ಹಾಡು ಮೊದಲಿಂದ ಕೊನೆವರೆಗೆ ನಿಲ್ಲದೆ ಓಡಿತು. ಮೊದಲ ಸಾಲಿಗೆ ಚಪ್ಪಾಳೆ ಬಿತ್ತು. ಅದು ಮುಗಿದಾಗ ನಾವೆಲ್ಲ ಬೆನ್ನು ತಿರುಗಿಸಿ ನಿಂತಿದ್ದೆವು. ಮುಂದಿನ ಸಾಲು ಕೂತು ಮಾಡುವಂಥದ್ದು. ತಿರುಗಿ ಕೂರುವಷ್ಟರಲ್ಲಿ ಅದು ಅರ್ಧ ಮುಗಿದಿತ್ತು. ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಆಮೇಲೆ ಒಬ್ಬೊಬ್ಬರದು ಒಂದೊಂದು ಸಾಲು. ಜನ ಹೊಟ್ಟೆ ಹಿಡಿದು ನಕ್ಕರು. ಮುಂದಿನ ಕುರ್ಚಿಯಲ್ಲಿದ್ದ ತಾತ ಹಾಡು ನಿಲ್ಲಿಸಲು ಕೈ ಎತ್ತಿದರು. ಯಾರೂ ನಿಲ್ಲಿಸಲಿಲ್ಲ.

ಮೇಷ್ಟ್ರು ನನ್ನ ಬಾಯಿಗೆ ಮೈಕು ಹಿಡಿದರು. ಅಷ್ಟರಲ್ಲಿ ತಾತ ಎದ್ದು ನಿಂತರು.

"ತಪ್ಪು ನಂದು ಸಾರ್. ಸಿನಿಮಾದಲ್ಲಿ ನಾವು ಹಾಡ್ನ ತುಂಡುತುಂಡಾಗಿ ತೆಗೀತಿದ್ವಿ. ಕೂಡ್ಸೋನು ಬೇರೆ ಒಬ್ಬ ಇರ್ತಿದ್ದ. ಇಲ್ಲಿ ಅವ್ನಿಲ್ಲ ಅನ್ನೋದೇ ಮರ್ತೋದೆ."

ಮೇಷ್ಟ್ರು ಮೈಕು ಕೆಳಗಿಳಿಸಿದರು. ತಾತ ಸುಳ್ಳು ಹೇಳುವವರಾಗಿದ್ದರೆ ಇಂಥ ತಪ್ಪು ಮಾಡಲು ಸಾಧ್ಯವೇ ಇರಲಿಲ್ಲ.

ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟೆ. ಈಗ ಹೊಸೂರಿನಲ್ಲಿ ನನ್ನದೇ ವೆಲ್ಡಿಂಗ್ ಶೆಡ್ಡು ಇದೆ, ಯಾರ ಹಂಗೂ ಇಲ್ಲ. ಹಳೆಯ ಸಿನಿಮಾಗಳೆಲ್ಲ ಫೋನಿನಲ್ಲೇ ಸಿಗುತ್ತವೆ. ಒಮ್ಮೆ ತಾತನದೊಂದು ನೋಡೋಣವೆಂದು ಕೂತೆ. ಆಗಲೇ ಹೊಳೆದದ್ದು, ಅಷ್ಟೆಲ್ಲ ಕೇಳಿದ್ದ ನಾವು ಅವರ ಒಂದು ಸಿನಿಮಾದ ಹೆಸರನ್ನೂ ಕೇಳಿರಲಿಲ್ಲ. ಈಗ ಕೇಳೋಣವೆಂದರೆ ತಾತನೂ ಇಲ್ಲ, ಅವರ ತಂಗಿಯೂ ಇಲ್ಲ. ಅವರು ಡೈರೆಕ್ಟರ್ ಆಗಿದ್ದರೆಂಬುದಕ್ಕೆ ನನ್ನ ಬಳಿ ಉಳಿದಿರುವ ಸಾಕ್ಷಿ, ನಾವು ಆರು ಜನ ಕೆಟ್ಟದಾಗಿ ಕುಣಿದ ಆ ನಾಲ್ಕು ನಿಮಿಷ ಮಾತ್ರ.